ಬಲೆ ಹಾಸುವ ಹಡಗಿನ ಅಶ್ವತ್ಥ

ಸೋಡರ್‌ಟೆಲ್ಯೆ ಊರಿನ ಕಾಲುವೆಯ ದಡದಲ್ಲಿ ಕಟ್ಟಿಹಾಕಿರುವ ‘ಅಲ್ಕಾನ್’ ಎಂಬ ಮುದಿ ಹಡಗಿನ ಮೇಲೆ, ನೋಡುಗರಿಗೆಂದು ತೂಗುಬಿಟ್ಟ ಉಕ್ಕಿನ ಬಲೆಗೆ ಆ ಶನಿವಾರ ಬೆಳಿಗ್ಗೆ ನನ್ನ ಹೊಸ ಕೋಟಿನ ಪಟ್ಟಿ ಸಿಕ್ಕಿಕೊಂಡು, ನಾನು ಹಿಂದೆ ಸರಿಯಲಾರದೆ ಮುಂದೆ ಹೋಗಲಾರದೆ ಬಾಳೆಗೊನೆಯಂತೆ ಜೋತುಬಿದ್ದಿದ್ದಾಗ, ನನ್ನ ಹಿಂದೆ ಹನ್ನೊಂದು ಮಂದಿ ಸ್ವೀಡನ್ನಿನವರು ತುಟಿ ಬಿಚ್ಚದೆ ಸಾಲಾಗಿ ಕಾದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಅಲ್ಲಾಡ್ಬೇಡಿ ಸಾರ್, ಬಲೆ ಹಾಳಾಗತ್ತೆ,” ಎನ್ನುತ್ತ ಅಶ್ವತ್ಥ ಬಂದ. ಬಿಡಿಸಿದವನೇ ಗಡಿಯಾರ ನೋಡಿ, ಜೇಬಿನ ಪುಸ್ತಕದಲ್ಲಿ ಏನೋ ಬರೆದುಕೊಂಡ.

ವಾರವಿಡೀ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರಾದ ಈತ ಶನಿವಾರ ಬಂತೆಂದರೆ ಅಲ್ಕಾನಿನ ಸ್ವಯಂಸೇವಕ. ನೆಲವೂ ಯಾವ ಕ್ಷಣದಲ್ಲಾದರೂ ಓಲಾಡೀತೆಂಬ ಅನುಮಾನದಿಂದಲೋ ಏನೋ, ಅಂಗಡಿಬೀದಿಯಲ್ಲೂ ಕಾಲಗಲಿಸಿಯೇ ನಡೆಯುತ್ತಾನೆ. ಬಣ್ಣಗೆಟ್ಟ ನೀಲಿ ಕೋಟಿನ ಒಂದು ಜೇಬಿನಲ್ಲಿ ಹಗ್ಗದ ತುಂಡುಗಳು, ಇನ್ನೊಂದರಲ್ಲಿ ಆ ಪುಸ್ತಕ. ಸಂಕ್ರಾಂತಿಯ ಕೂಟದಲ್ಲಿ ಕೋಡುಬಳೆಗಳನ್ನು ತಟ್ಟೆಯ ತುಂಬ ಒಂದಕ್ಕೊಂದು ತಾಗಿಸಿಟ್ಟು, ಬಂದರಿನ ಬಾಯಿಗೆ ಬಲೆ ಕಟ್ಟಿ ಸಬ್‌ಮರೀನನ್ನು ತಡೆಯುವ ಬಗೆಯನ್ನು ವಿವರಿಸಿದ. ವಿವರಣೆ ಮುಗಿಯುವ ತನಕ ಒಂದನ್ನೂ ತಿನ್ನಗೊಡಲಿಲ್ಲ.

ದಡವನ್ನು ತೆರವು ಮಾಡಬೇಕೆಂದು ಕೊಮ್ಮೂನಿನಿಂದ, ಎಂದರೆ ಊರಿನ ಪುರಸಭೆಯಿಂದ, ಪತ್ರ ಬಂದಿತ್ತು. ಹಡಗನ್ನು ಉಳಿಸಿಕೊಳ್ಳಲು ಹೋರಾಡುವುದೋ ಗುಜರಿಗೆ ಕಳಿಸುವುದೋ, ಮರುದಿನ, ಭಾನುವಾರ, ಹಡಗನ್ನು ನೋಡಿಕೊಳ್ಳುವ ಸಂಘದ ಸದಸ್ಯರು ಕೈಯೆತ್ತಿ ತೀರ್ಮಾನಿಸಬೇಕು. ಅದಕ್ಕೆ ಮುನ್ನ ಅದರ ಸೇವಾಚರಿತ್ರೆಯನ್ನು ಓದುವ ಹೊಣೆ ಅಶ್ವತ್ಥನದು. “ಒಂದಾದರೂ ಸಾಹಸ ಇರಲಿ,” ಎಂದಿದ್ದರಂತೆ ಅಧ್ಯಕ್ಷೆ ಗುನಿಲ್ಲಾ. ಬರೆಯುವ ಚಟದವನಾದ ನಾನೂ ತುಪ್ಪ ಸುರಿದೆ:

“ಒಂದು ಸಬ್‌ಮರೀನ್ ಹಿಡಿಸ್ಬಿಡಿ ಅಶ್ವತ್ಥ. ಯಾರ್ ಕೇಳ್ತಾರೆ?”

“ದಾಖಲೇಲಿ ಇಲ್ಲ ಸಾರ್.”

ಭಾನುವಾರ ಅವನು ಓದಿದ್ದು ಎರಡನೆಯ ಮಹಾಯುದ್ಧಕ್ಕಿಳಿಯದ ದೇಶವೊಂದರ ಆರು ವರ್ಷದ ಕಾವಲಿನ ದಿನಚರಿ. ಬಲೆ ಇಳಿಸಿತು. ಬಲೆ ಎತ್ತಿತು. ಹಿಮ ಕಟ್ಟಿತ್ತು, ಕೊಡಲಿಯಿಂದ ಒಡೆದು ಎತ್ತಿದರು. ಬಿರುಗಾಳಿಗೆ ಹರಿಯಿತು, ಹೊಲಿದು ಮತ್ತೆ ಇಳಿಸಿದರು. ಶತ್ರು ಕಾಣಲಿಲ್ಲ. ಮೊದಮೊದಲು ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡ ನಾನು, ಆ ಇಳಿಸು–ಎತ್ತುಗಳ ಅಲೆ ನಾಲ್ಕನೆಯ ಚಳಿಗಾಲವನ್ನು ಮುಟ್ಟುವಷ್ಟರಲ್ಲಿ ಉಸಿರು ಬಿಗಿಹಿಡಿದಿದ್ದೆ. ಸುತ್ತ ಕಾಫಿ ಆರುತ್ತಿತ್ತು. ಫೀಕಾವನ್ನು, ಆ ಕಾಫಿ–ತಿಂಡಿಯ ವ್ರತವನ್ನು, ಮರೆತ ಸ್ವೀಡನ್ನಿನವರನ್ನು ನಾನು ಕಂಡದ್ದು ಅದೊಂದೇ ಸಲ. ಮಂಜಿಗೆ ಎರಡು ಬೆರಳು ಕಳೆದುಕೊಂಡ ನಾವಿಕನ ಹೆಸರು ಬಂದಾಗ, ಅಶ್ವತ್ಥ ಕಾಲು ಜೋಡಿಸಿ ನಿಂತು ಓದಿದ.

ಕಾಯುವವರ ಚರಿತ್ರೆಯೇ ಹಾಗೆ: ಅವರು ಗೆದ್ದ ದಿನ ಏನೂ ನಡೆದಿರುವುದಿಲ್ಲ. ಏನೂ ನಡೆಯದ ಆ ದಿನಗಳನ್ನು ಒಂದಕ್ಷರ ಕೂಡಿಸದೆ ಬರೆದಿಡುವವರೂ ಅವರ ಕುಲದವರೇ. ನನ್ನಂಥವರು ಸಬ್‌ಮರೀನು ಹಿಡಿಸಲು ಹೋಗುತ್ತೇವೆ.

ಕೈಗಳು ಒಂದೊಂದಾಗಿ ಎದ್ದವು. ಅಲ್ಕಾನನ್ನು ಗುಜರಿಗೆ ಕಳಿಸುವುದಿಲ್ಲವೆಂದಾಯಿತು. ಕಣ್ಣೊರೆಸಿಕೊಂಡ ಗುನಿಲ್ಲಾಗೆ ಮಾತ್ರ ಸಮಾಧಾನವಿಲ್ಲ. “ಹೋಗಲಿ, ಇಷ್ಟು ವರ್ಷದಲ್ಲಿ ಒಂದನ್ನಾದರೂ ಹಿಡಿಯಲಿಲ್ಲವೇ ನಿನ್ನ ಬಲೆ?” ಎಂದು ಕೇಳಿದರು.

ಅಶ್ವತ್ಥ ಜೇಬಿನಿಂದ ಪುಸ್ತಕ ತೆಗೆದು ಹಾಳೆ ತಿರುವಿದ.

“ಹಿಡಿದಿದೆ. ನಿನ್ನೆ, ಹನ್ನೊಂದು ಇಪ್ಪತ್ತಕ್ಕೆ, ಒಬ್ಬರನ್ನು. ನಿರುಪದ್ರವಿ ಎಂದು ಕಂಡುಬಂದದ್ದರಿಂದ ಬಿಟ್ಟುಬಿಟ್ಟೆವು.”