ಇಡೀ ಕುಂಬಳಕ್ಕೆ ಮೊದಲ ಚಾಕು

ಮೆಹಕರದ ನನ್ನ ತವರಿನಿಂದ ಬಂದ ಸಿಹಿಗುಂಬಳ ಭಾಲ್ಕಿಯ ನಮ್ಮ ಅಡುಗೆಮನೆಯ ಮೂಲೆಯಲ್ಲಿ ವಾರದಿಂದ ಕೂತಿತ್ತು. ತೊಟ್ಟು ಒಣಗಿ, ಸಿಪ್ಪೆ ಉಗುರು ಇಳಿಯದಷ್ಟು ಗಟ್ಟಿಯಾಗಿತ್ತು.

ಎಂಟು ತಿಂಗಳ ಮಗಳು ವರದಾ ಏನು ಕೊಟ್ಟರೂ ಉಗುಳುತ್ತಿದ್ದಳು. ತೂಕ ಏರುತ್ತಿರಲಿಲ್ಲ. ಕುಂಬಳ ಬೇಯಿಸಿ, ಕಿವುಚಿ, ತುಪ್ಪ ಹಾಕಿ ಕೊಡಿ ಎಂದು ಬೀದರಿನ ಡಾಕ್ಟರು ಹೇಳಿದ್ದರು. ಅದರ ಕೇಸರಿ ಬಣ್ಣವೇ ಮೈಯೊಳಗೆ ಎ ವಿಟಮಿನ್ ಆಗುತ್ತದೆ, ತುಪ್ಪವಿದ್ದರೆ ಚೆನ್ನಾಗಿ ಹಿಡಿಯುತ್ತದೆ, ಮೆತ್ತಗೆ ಬೆಂದರೆ ಕೂಸಿಗೂ ಅರಗುತ್ತದೆ. ಇದನ್ನೆಲ್ಲ ಅತ್ತೆಗೆ ವಿವರಿಸಿದೆ.

"ಬಿಎಸ್ಸಿ ಓದಿದಾಕಿ ಹೇಳ್ಲಾಕತ್ತಾಳ, ಕೇಳ್ರಿ," ಎಂದು ಅತ್ತೆ ಕಾವೇರಿಬಾಯಿ ಗೋಡೆಗೆ ಹೇಳಿದರು. "ಇಡೀ ಕುಂಬಳಕ್ಕ ಮೊದಲ ಚಾಕು ಗಂಡಸೇ ಹಾಕಬೇಕು. ಹೆಂಗಸು ಹಾಕಿದ್ರ ಮನಿ ಮಗನಿಗಿ ಕೇಡು. ಆಶೀಷ ಬರ್ಲಿ."

ನನ್ನ ಗಂಡ ಆಶೀಷನಿಗೆ ಔರಾದದಲ್ಲಿ ನೌಕರಿ; ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಬೈಕಿನಲ್ಲಿ ಮನೆಗೆ ಬರುತ್ತಾನೆ. ಮನೆಯಲ್ಲಿ ಬೇರೆ ಗಂಡಸರಿಲ್ಲ.

"ಸಂತಿಯಿಂದ ಕೊಯ್ದ ಹೋಳು ತರ್ತೇನ್ರಿ."

"ಮನ್ಯಾಗ ಇಡೀದು ಇಟ್ಕೊಂಡು? ಓಣಿ ನಗ್ತದ. ಇದೇನು ಕೆಡ್ತದೇನು? ಆರ್ ತಿಂಗಳ ಇರ್ತದ."

"ಕಾಯಿ ಇರ್ತದ್ರಿ ಅತ್ತಿ. ಕೂಸು?"

ಅತ್ತೆ ಕುಂಬಳವನ್ನು ಇನ್ನಷ್ಟು ಮೂಲೆಗೆ ಸರಿಸಿದರು.

ಶನಿವಾರ ಮಧ್ಯಾಹ್ನ ವರದಾ ಗಂಜಿಗೂ ಮುಖ ತಿರುಗಿಸಿದಳು. ಕುಂಬಳವನ್ನು ಎತ್ತಿಕೊಂಡು ಹೋಗಿ ಒಗೆಯುವ ಕಲ್ಲಿನ ಮೇಲೆ ಅಪ್ಪಳಿಸಿದೆ. ಎರಡು ಹೋಳಾಯಿತು.

"ಚಾಕು ಹಾಕಿಲ್ರಿ," ಎಂದೆ.

"ಭಾಳ ಶಾಣ್ಯಾಕಿ!" ಅತ್ತೆ ಫೋನು ಕೈಗೆತ್ತಿಕೊಂಡರು. "ನಿನಗ ಒಬ್ಬಾಕೀನೇ ಮಗಳು. ನನಗೂ ಒಬ್ಬನೇ ಮಗ. ಅವ ಗಾಡಿ ಮ್ಯಾಲ ಹಾದ್ಯಾಗ ಇದ್ದಾನ, ಗೊತ್ತದ ಇಲ್ಲ?"

ಒಂದು ಹೋಳನ್ನು ಬೇಯಿಸಿ, ಕಿವುಚಿ, ತುಪ್ಪ ಹಾಕಿ ತಿನ್ನಿಸಿದೆ. ವರದಾ ಚಮಚ ನೆಕ್ಕಿ ಮತ್ತೆ ಬಾಯಿ ತೆರೆದಳು. ಅತ್ತೆ ಅದನ್ನು ನೋಡಲಿಲ್ಲ. ಮಗನಿಗೆ ಫೋನ್ ಮಾಡುತ್ತಿದ್ದರು. ರಿಂಗ್ ಆಗುತ್ತಿತ್ತು, ಅವನು ಎತ್ತುತ್ತಿರಲಿಲ್ಲ. ಬರುವ ಹೊತ್ತು ಮೀರಿತು. ಕಾಯಿಗೂ ಗಾಡಿಗೂ ಸಂಬಂಧವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಿದ್ದೆ. ಓಣಿಯ ತಿರುವಿನಿಂದ ಕಣ್ಣು ಕೀಳಲಾಗಲಿಲ್ಲ. ಅತ್ತೆಯೂ ನಾನೂ ಒಬ್ಬರನ್ನೊಬ್ಬರು ನೋಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನ ಗಾಡಿ ಬಂತು. "ಪಂಚರ್ ಆಗಿತ್ತವ್ವಾ," ಎಂದ.

ಬೂಟು ಬಿಚ್ಚುವ ಮೊದಲೇ ಅತ್ತೆ ಉಳಿದ ಹೋಳನ್ನು ಅವನ ಮುಂದಿಟ್ಟು, ಕೈಗೆ ಚಾಕು ಕೊಟ್ಟರು. "ಕೊಯ್ಯಿ."

"ಒಡದಿದ್ದನ್ನ ಮತ್ತೇನ್ ಕೊಯ್ಲಿ?"

"ಕೊಯ್ಯಿ ಅಂದೆ! ನಿನ್ನ ಹೆಣ್ತಿ ಮಾಡಿದ್ದು ಮನಿಗಿ ತಟ್ಟಬಾರ್ದು."

ನಾನು ನಗುತ್ತೇನೆಂದು ಆಶೀಷ ನನ್ನ ಕಡೆ ನೋಡಿದ. ನಾನು ವರದಾಳನ್ನು ಕೆಳಗಿಳಿಸಿ, ಚಾಕು ಜಾರದಂತೆ ಹೋಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ.