ಎಪ್ಪತ್ತೆರಡನೆಯ ಸುತ್ತು

ಇಶಿಕಿರಿಯ ದೇವರಿಗೆ ನಡೆದುಕೊಂಡರೆ ಗಡ್ಡೆ ಕರಗುತ್ತದೆ ಎಂದು ಆ ಸೀಮೆಯೆಲ್ಲ ನಂಬುತ್ತದೆ. ಚಿಝುರು ನಂಬಿದವಳಲ್ಲ. ಬೋಲ್ಟ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದ ಅವಳ ಗಂಡ ಕುನಿಹಿಕೊ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಆಸ್ಪತ್ರೆ ಸೇರಿದ್ದ. ಮೂರು ದಿನದಿಂದ ಕಣ್ಣು ತೆರೆದಿರಲಿಲ್ಲ. ಅವಳು ಹಾಸಿಗೆಯ ಪಕ್ಕ ಬಿಟ್ಟು ಕದಲಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಅತ್ತೆ ಹೇಳಿದಳು, “ಸುಮ್ನೆ ಮುಖ ನೋಡ್ತಾ ಕೂತ್ರೆ ಏನು ಬಂತು? ನನ್ನ ಮಂಡಿ ನೆಟ್ಟಗಿದ್ದಿದ್ರೆ ನಾನೇ ಹೋಗ್ತಿದ್ದೆ. ಗುಡಿಗೆ ಹೋಗಿ ನೂರು ಸುತ್ತು ಹಾಕಿ ಬಾ.”

“ಅಷ್ಟರಲ್ಲಿ ಎಚ್ಚರ ಆದ್ರೆ?”

“ಹೆತ್ತವಳು ನಾನಿಲ್ವಾ?”

ಚಿಝುರು ಹೋದಳು. ನೂರು ಎಳೆಯ ನೂಲಿನ ಕಟ್ಟು ಹಿಡಿದು, ಗುಡಿಯ ಅಂಗಳದಲ್ಲಿ ನೆಟ್ಟ ಎರಡು ಕಲ್ಲುಗಳನ್ನು ಸುತ್ತುವವರ ಸಾಲಿಗೆ ಸೇರಿದಳು. ಎಣಿಕೆ ತಪ್ಪದಂತೆ ಸುತ್ತಿಗೊಂದು ಎಳೆ ಮಡಚಬೇಕು. ಮುಂದೆ ಬರಿಗಾಲಲ್ಲಿ ನಡೆಯುತ್ತಿದ್ದ ಮುದುಕಿ ತಿರುಗಿ ನೋಡಿದಳು.

“ಓಡಬೇಡಮ್ಮ. ದೇವರು ಕಿವುಡ ಅಲ್ಲ, ಸ್ವಲ್ಪ ನಿಧಾನ ಅಷ್ಟೆ. ಮಗಳಿಗೋಸ್ಕರ ನಾಲ್ಕು ವರ್ಷದಿಂದ ಬರ್ತಿದ್ದೀನಿ.”

“ವಾಸಿ ಆಯ್ತಾ?”

“ಇದ್ದಾಳೆ.”

ಆ ಒಂದು ಮಾತು ಚಿಝುರುವಿಗೆ ಸಾಕಾಯಿತು. ಐವತ್ತು ದಾಟುವ ಹೊತ್ತಿಗೆ ಅವಳು ನಿಜವಾಗಿಯೇ ಬೇಡಿಕೊಳ್ಳುತ್ತಿದ್ದಳು. ಚೀಲದೊಳಗೆ ಫೋನು ನಡುಗಿತು. ಸುತ್ತು ಮುರಿಯಬಾರದೆಂದು ತೆಗೆಯಲಿಲ್ಲ. ಮತ್ತೊಮ್ಮೆ ನಡುಗಿತು. ಎಪ್ಪತ್ತೆರಡನೆಯ ಎಳೆ ಮಡಚಿದಾಗ ಮೂರನೆಯ ಸಲ. ಈಗ ತೆಗೆದಳು.

“ಹೋಗ್ಬಿಟ್ಟ ಕಣೇ,” ಎಂದಳು ಅತ್ತೆ.

ಚಿಝುರು ನಿಂತಲ್ಲೇ ನಿಂತಳು. ಹಿಂದಿನವರು ಪಕ್ಕಕ್ಕೆ ಸರಿದು ದಾಟಿ ಹೋದರು. ಮುಖ ನೋಡಿಯೇ ಮುದುಕಿಗೆ ತಿಳಿಯಿತು. ಮೊಣಕೈ ಹಿಡಿದು ಸಾಲಿನಿಂದ ಈಚೆ ತಂದಳು.

“ಸೂತಕ ಬಂತು ತಾಯಿ. ಇನ್ನು ಐವತ್ತು ದಿನ ಇಲ್ಲಿ ಕಾಲಿಡೋ ಹಾಗಿಲ್ಲ. ನಡಿ.”

“ಇಪ್ಪತ್ತೆಂಟು ಉಳಿದಿದೆ.”

“ಯಾರಿಗೋಸ್ಕರ ಹಾಕ್ತೀಯ?”

ಆಸ್ಪತ್ರೆಯಲ್ಲಿ ಅತ್ತೆ ಮಗನ ಪಾದ ಒತ್ತುತ್ತ ಕೂತಿದ್ದಳು. ಸೊಸೆಯ ಕಡೆ ತಿರುಗದೆ ಹೇಳಿದಳು, “ಕಣ್ಣು ಬಿಟ್ಟಿದ್ದ. ಅರ್ಧ ಗಂಟೆ ಚೆನ್ನಾಗೇ ಮಾತಾಡ್ದ. ಚಿಝುರು ಎಲ್ಲಿ ಅಂದ. ಗುಡಿಗೆ ಹೋಗಿದ್ದಾಳೆ ಅಂದೆ. ‘ಅವಳಾ? ಗುಡಿಗಾ?’ ಅಂತ ನಕ್ಕ. ಎರಡು ಸಲ ಫೋನ್ ಮಾಡಿಕೊಟ್ಟೆ. ಕಿವಿಗಿಟ್ಕೊಂಡು ಕಾದ.”

ಹೊದಿಕೆ ಎಳೆದು ಮಗನ ಪಾದ ಮುಚ್ಚಿ ಹೇಳಿದಳು, “ಕಳಿಸಿದ್ದು ನಾನು.”

ನಿಮ್ಮ ತಪ್ಪಲ್ಲ ಎನ್ನಬೇಕಿತ್ತು. ಚಿಝುರುವಿನ ಬಾಯಿಗೆ ಆ ಮಾತು ಬರಲಿಲ್ಲ. ಹಾಸಿಗೆಯ ಇನ್ನೊಂದು ಬದಿಗೆ ಹೋಗಿ ಗಂಡನ ಕೈ ಹಿಡಿದಳು. ಅದಿನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ಆಮೇಲೆ ಅವರಿಬ್ಬರೂ ಹನ್ನೊಂದು ವರ್ಷ ಒಂದೇ ಮನೆಯಲ್ಲಿ, ಎದುರುಬದುರು ಕೂತು ಉಂಡರು. ಆ ಮಾತು ಕೊನೆಯವರೆಗೂ ಬರಲಿಲ್ಲ.