ಮೂರನೇ ಮಹಡಿಯ ಬೀಗದ ಕೈ

ಆ ದೊಡ್ಡ ಹೋಟೆಲಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಥೆ ಮೇಡಂ ಎಂದೇ. ದಿನಕ್ಕೆ ಎರಡು ಸಲ, ಬೆಳಗ್ಗೆ ಹನ್ನೊಂದಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ, ಅತಿಥಿಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆ ನೂರು ವರ್ಷದ ಕಟ್ಟಡವನ್ನು ಸುತ್ತಿಸುವುದು ಅವಳ ಕೆಲಸ. ಮುಂಬಾಗಿಲಿನ ಅಮೃತಶಿಲೆ ಯಾವ ಹಡಗಿನಲ್ಲಿ ಬಂತು, ಊಟದ ಕೋಣೆಯ ದೀಪದ ಗೊಂಚಲಿಗೆ ಎಷ್ಟು ಹರಳು, ಯುದ್ಧದ ಕಾಲದಲ್ಲಿ ನೆಲಮಾಳಿಗೆಯಲ್ಲಿ ಯಾರು ಅಡಗಿದ್ದರು, ಎಲ್ಲ ಅವಳಿಗೆ ಬಾಯಿಪಾಠ.

ಎರಡನೇ ಮಹಡಿಯಲ್ಲಿ ಅವಳು ಗೋಡೆಯೊಳಗಿನ ಹಿತ್ತಾಳೆ ಕೊಳವೆಯನ್ನು ತೋರಿಸುತ್ತಿದ್ದಳು. ಯಾವ ಮಹಡಿಯಲ್ಲಿ ಕಾಗದ ಹಾಕಿದರೂ ಅದು ಜಾರಿಕೊಂಡು ಕೆಳಗಿನ ಅಂಚೆಪೆಟ್ಟಿಗೆಗೆ ಬೀಳುತ್ತಿತ್ತು. ನಲವತ್ತು ವರ್ಷದ ಹಿಂದೆ ಒಂದು ಚಳಿಗಾಲ ಕೊಳವೆ ಕಟ್ಟಿಕೊಂಡಿತು, ಬಿಚ್ಚಿ ನೋಡುವ ತಾಪತ್ರಯ ಯಾರಿಗೆ ಬೇಕು ಎಂದು ಬಾಯಿಗಳಿಗೆ ತಗಡು ಬಡಿದರು. ಇಷ್ಟು ಹೇಳಿ ಮೂರನೇ ಮಹಡಿಗೆ ಹತ್ತಿದರೆ ಮುನ್ನೂರ ಹದಿನೆಂಟನೇ ಕೋಣೆ.

"ಈ ಬಾಗಿಲಿನ ಬೀಗ ಮಾತ್ರ ಹೊಸದು, ನೋಡಿ. ನಲವತ್ತು ವರ್ಷದ ಹಿಂದೆ ಇಲ್ಲೊಬ್ಬ ಪಿಟೀಲು ವಾದಕ ಇಳಿದಿದ್ದ. ಕೋಣೆ ಗುಡಿಸೋ ಹೆಂಗಸು ಅವನಿಗೆ ಮನಸೋತು, ಅವನು ಹೋದ ದಿನ ನೆನಪಿಗೆ ಅಂತ ಬೀಗದ ಕೈಯನ್ನೇ ಕದ್ದುಬಿಟ್ಟಳಂತೆ."

ಅತಿಥಿಗಳು ನಗುತ್ತಿದ್ದರು. ಯಾರಾದರೊಬ್ಬರು "ಅಯ್ಯೋ ಪಾಪ" ಅನ್ನುತ್ತಿದ್ದರು. ಕಥೆ ಮೇಡಂ ಕೂಡ ಹಲ್ಲು ಕಿರಿಯುತ್ತಿದ್ದಳು, ಸಂಬಳ ಕೊಡುವುದೇ ಅದಕ್ಕಲ್ಲವೇ. ಆ ಕೋಣೆ ಗುಡಿಸುವ ಹೆಂಗಸು ಅವಳ ಹೆತ್ತ ತಾಯಿ. ಹೋಟೆಲಿನವರಿಗೆ ಅದು ಗೊತ್ತಿರಲಿಲ್ಲ. ಮಗಳು ಅಲ್ಲೇ ಕೆಲಸಕ್ಕಿದ್ದಾಳೆಂಬುದು ತಾಯಿಗೂ ಗೊತ್ತಿರಲಿಲ್ಲ. ವಿಮಾ ಕಚೇರಿಯಲ್ಲಿ ಗುಮಾಸ್ತೆ ಎಂದು ಹನ್ನೆರಡು ವರ್ಷದಿಂದ ಸುಳ್ಳು ಹೇಳಿಕೊಂಡೇ ಬಂದಿದ್ದಳು.

ನಡೆದದ್ದರಲ್ಲಿ ಪಿಟೀಲಿನ ಸೊಲ್ಲೇ ಇರಲಿಲ್ಲ. ಒಬ್ಬ ಅತಿಥಿ ಗಡಿಬಿಡಿಯಲ್ಲಿ ಹೊರಟುಹೋದ, ಬೀಗದ ಕೈ ಕೆಳಗಿನ ಕೌಂಟರಿನ ಮೊಳೆಯ ಮೇಲಿರಲಿಲ್ಲ, ಕೊನೆಯದಾಗಿ ಆ ಕೋಣೆಗೆ ಹೋದವಳು ಅಮ್ಮ. ಕೆಲಸದವರ ಬಾಗಿಲಲ್ಲಿ ಅವಳ ಊಟದ ಡಬ್ಬಿಯನ್ನೂ ಬಿಚ್ಚಿಸಿದರು. ಅವತ್ತೇ ಮನೆಗೆ ಕಳಿಸಿದರು, ನಡತೆಯ ಪತ್ರವನ್ನೂ ಕೊಡಲಿಲ್ಲ. ಆಮೇಲೆ ಯಾವ ಹೋಟೆಲಿನವರೂ ಅವಳನ್ನು ಬಾಗಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಪಾತ್ರೆ ತಿಕ್ಕಿ ಮಗಳನ್ನು ಓದಿಸಿದಳು. ಯಾರು ಕೇಳಿದರೂ ಅವಳದು ಒಂದೇ ಮಾತು: "ನಾನು ತಗೊಂಡಿಲ್ಲ."

ಆ ದಿನ ಎಂಟು ವರ್ಷದ ಮಗಳೂ ಅಲ್ಲೇ ಇದ್ದಳು. ಜ್ವರ ಬಂದು ಶಾಲೆಗೆ ಹೋಗಿರಲಿಲ್ಲ. ಒಗೆದ ಹಾಸಿಗೆ ಬಟ್ಟೆ ಇಡುವ ಕೋಣೆಯಲ್ಲಿ ಅಮ್ಮ ಅವಳನ್ನು ಮಲಗಿಸಿದ್ದಳು. ಅಳಬೇಡ ಎಂದು ಬೀಗದ ಕೈಯೊಂದನ್ನು ಆಡಲು ಕೊಟ್ಟಿದ್ದಳು. ಅದರ ಚಪ್ಪಟೆ ಹಿತ್ತಾಳೆ ಬಿಲ್ಲೆಯನ್ನು ಸುಡುವ ಕೆನ್ನೆಗೆ ಒತ್ತಿಕೊಂಡರೆ ತಣ್ಣಗಿತ್ತು. ಅಷ್ಟು ಮಾತ್ರ ಅವಳಿಗೆ ನೆನಪು.

ಈಗ ಅಮ್ಮನಿಗೆ ಎಪ್ಪತ್ತೆಂಟು. ಶ್ವಾಸಕೋಶ ಕೈಕೊಟ್ಟಿತ್ತು, ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು. ಇನ್ನು ಕೆಲವೇ ದಿನ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅದೇ ವಾರ ಹೋಟೆಲಿನ ರಿಪೇರಿ ಶುರುವಾಯಿತು. ಕೊಳವೆ ಬಿಚ್ಚುತ್ತಿದ್ದ ಬಡಗಿ ಮೆಟ್ಟಿಲ ಮೇಲಿಂದ ಕೂಗಿದ: "ಕಥೆ ಮೇಡಂ, ನಿಮ್ಮ ಕಥೆಗೆ ಸಾಮಾನು ಸಿಕ್ಕಿದೆ, ಬನ್ನಿ!"

ಎರಡನೇ ಮಹಡಿಯಲ್ಲಿ, ಕೊಳವೆಯ ತಿರುವಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು ಬೀಗದ ಕೈ. ಬಿಲ್ಲೆಯ ಮೇಲೆ ಮುನ್ನೂರ ಹದಿನೆಂಟು. ಅದರ ಮೇಲೆ ಹಳದಿಗಟ್ಟಿದ ಕಾಗದಗಳ ರಾಶಿ. ಎಲ್ಲಕ್ಕಿಂತ ಕೆಳಗಿದ್ದ ಕಾರ್ಡಿನಲ್ಲಿ ಅಮ್ಮನನ್ನು ಹೊರಹಾಕಿದ ದಿನದ್ದೇ ತಾರೀಖು. ಗಡಿಬಿಡಿಯಲ್ಲಿದ್ದ ಆ ಮಹಾನುಭಾವ ಬೀಗದ ಕೈಯನ್ನು ಕೊಳವೆಗೆ ಹಾಕಿ, ಹೇಗೂ ಕೆಳಗೆ ತಲುಪುತ್ತದೆ ಎಂದು ಹೊರಟುಬಿಟ್ಟಿದ್ದ. ಕೊಳವೆ ಕಟ್ಟಿಕೊಂಡದ್ದು, ಬೀಗದ ಕೈ ಕಳೆದದ್ದು ಒಂದೇ ಚಳಿಗಾಲ. ಇವಳು ಹನ್ನೆರಡು ವರ್ಷ, ದಿನಕ್ಕೆರಡು ಸಲ, ಒಂದನ್ನು ಎರಡನೇ ಮಹಡಿಯಲ್ಲಿ ಹೇಳಿ ಇನ್ನೊಂದನ್ನು ಮೂರನೆಯದರಲ್ಲಿ ಹೇಳಿದ್ದಳು. ನಡುವೆ ಇದ್ದದ್ದು ಇಪ್ಪತ್ತೆರಡು ಮೆಟ್ಟಿಲು. ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಮ್ಯಾನೇಜರ್ ಬೀಗದ ಕೈಯನ್ನು ಬೆಳಕಿಗೆ ಹಿಡಿದು ಹಿಗ್ಗಿದ. "ಗಾಜಿನ ಪೆಟ್ಟಿಗೆ ಮಾಡಿಸೋಣ, ಮೇಡಂ."

"ಸಾರ್, ಕಥೆ ಬದಲಾಯಿಸಬೇಕು. ಆ ಹೆಂಗಸು ಕದ್ದಿರಲಿಲ್ಲ."

"ಬದಲಾಯಿಸೋದು ಯಾಕೆ? ಅವನು ಕೈಕೊಟ್ಟ ಅಂತ ಅತ್ತು ಅತ್ತು ಅಲ್ಲಿ ಎಸೆದಳು ಅಂತ ಸೇರಿಸಿ. ಇನ್ನೂ ಚೆನ್ನಾಗಿರುತ್ತೆ!"

ಮ್ಯಾನೇಜರ್ ಅದನ್ನು ಮೇಜಿನ ಮೇಲಿಟ್ಟು ಅತ್ತ ಹೋದ. ಅವಳು ಬೀಗದ ಕೈಯನ್ನು ತನ್ನ ಊಟದ ಡಬ್ಬಿಯೊಳಗೆ ಹಾಕಿಕೊಂಡು ಕೆಲಸದವರ ಬಾಗಿಲಿನಿಂದ ಹೊರಬಿದ್ದಳು. ಈಗ ಅಲ್ಲಿ ಯಾರೂ ಡಬ್ಬಿ ಬಿಚ್ಚಿಸುವುದಿಲ್ಲ.

ಮನೆಯಲ್ಲಿ ಅಮ್ಮ ದಿಂಬಿಗೆ ಒರಗಿದ್ದಳು. ಮಗಳು ಅವಳ ಅಂಗೈಯಲ್ಲಿ ಬೀಗದ ಕೈ ಇಟ್ಟಳು. ಅಮ್ಮ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ಓದುವ ಅಗತ್ಯವೇ ಬೀಳಲಿಲ್ಲ.

"ಕೊನೆಗೂ ಕೊಟ್ಟೆಯಲ್ಲ," ಅಂದಳು.

"ಏನಮ್ಮ?"

"ಎಲ್ಲಿಟ್ಟಿದ್ಯೇ ಇಷ್ಟು ವರ್ಷ? ನಿನ್ನ ಬಟ್ಟೆ, ಪುಸ್ತಕ, ಎಲ್ಲಾ ಜಾಲಾಡಿದ್ದೆ."

"ಅಮ್ಮ, ನಾನಲ್ಲ! ಆವತ್ತು ನೀನು ವಾಪಸ್ ತಗೊಂಡಿರಲಿಲ್ವಾ?"

"ಯಾವುದೋ ಒಂದು ತಗೊಂಡೆ. ಅದೇನಾ ಅಂತ ನೋಡಲಿಲ್ಲ. ನಿನಗೆ ಮೈ ಸುಡ್ತಿತ್ತು."

ಮಗಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಕೊಳವೆ, ಕಾರ್ಡು, ತಾರೀಖು, ಬಡಗಿ. ತಾನು ಅಲ್ಲೇ ಕೆಲಸಕ್ಕಿರುವುದು, ವಿಮಾ ಕಚೇರಿ ಬರೀ ಸುಳ್ಳು ಎನ್ನುವುದು. ಹನ್ನೆರಡು ವರ್ಷದಲ್ಲಿ ಅವಳು ಹೇಳಿದ ಮೊದಲ ನಿಜವಾದ ಕಥೆ ಅದು.

ಅಮ್ಮ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಆಮೇಲೆ ಮಗಳ ಕೆನ್ನೆ ಸವರಿದಳು.

"ಎಷ್ಟು ಚೆನ್ನಾಗಿ ಕಥೆ ಕಟ್ತೀಯೇ," ಅಂದಳು. "ಅಳಬೇಡ. ನಾನು ಬೈತೀನಾ? ಮಗು ಅಲ್ವಾ ನೀನು ಆಗ. ಯಾರ ಹತ್ರಾನೂ ನಿನ್ನ ಹೆಸರು ಎತ್ತಲಿಲ್ಲ."

"ಅಮ್ಮ, ದೇವರಾಣೆ..."

"ಆಣೆ ಗೀಣೆ ಯಾಕೆ, ಸುಮ್ನಿರು." ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವಳು ಹೊದಿಕೆಯೊಳಗೆ ಎಳೆದುಕೊಂಡಳು. "ಇದು ನನ್ನ ಹತ್ರಾನೇ ಇರಲಿ. ಯಾರಾದ್ರೂ ಕೇಳಿದ್ರೆ, ಅಮ್ಮಾನೇ ತಗೊಂಡಿದ್ದು ಅಂತ ಹೇಳು."